ಬಟ್ಟಲಿಗೆ ಬೀಳದ ವೈನ್

“ನಿಮ್ಮಣ್ಣನಿಗೆ ಅವತ್ತು ಏನು ಬಡಿಸಿದ್ರೋ, ಅದನ್ನೇ ನನಗೂ ಬಡಿಸಿ,” ಎಂದ ಮಾರ್ಸೆನಾಕ್.

ನೊಎಮಿ ಕುದೆರ್ಕ್ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಆಕೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಒಂದು ಕ್ಷಣ ನಿಂತು, ಮತ್ತೆ ತಿರುಗತೊಡಗಿತು.

“ನಾನು ಬಡಿಸ್ಲಿಲ್ಲ. ಅವತ್ತು ನಾನು ಮನೇಲೇ ಇರ್ಲಿಲ್ಲ. ಎಷ್ಟು ಸಲ ಹೇಳ್ಬೇಕೋ ನಿನಗೆ, ಫೆರ್ನಾನ್?”

“ಹಸಿವಾಗಿದೆ, ಅದಕ್ಕೆ ಕೇಳಿದೆ.”

“ಸೋಮವಾರ ಊಟದ ಮನೆ ಬಾಗಿಲು ಮುಚ್ಚಿರತ್ತೆ ಅಂತ ಊರಿಗೆಲ್ಲ ಗೊತ್ತು. ಪೊಲೀಸರ ಹೊಟ್ಟೆಗೆ ಮಾತ್ರ ಗೊತ್ತಿಲ್ಲ.”

ಬೈಯುತ್ತಲೇ ಆಕೆ ಎರಡು ಬಟ್ಟಲು ತೆಗೆದು ಮೇಜಿನ ಮೇಲೆ ಕುಕ್ಕಿದಳು.

ಎಂಟು ದಿನಗಳ ಹಿಂದೆ, ಭಾನುವಾರ ಸಂಜೆ ಐದಕ್ಕೆ, ಆಕೆಯ ಅಣ್ಣ ಅನ್ಸೆಲ್ಮ್ ತನ್ನ ಮನೆಯ ಊಟದ ಮೇಜಿನ ಮುಂದೆ ಕುಳಿತಲ್ಲೇ ಸತ್ತು ಸಿಕ್ಕಿದ್ದ. ಎದೆಬಡಿತ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಪೇರ್‌ಲಾದ್ ಊರು ಅದನ್ನು ಒಪ್ಪಿ ಮಣ್ಣು ಹಾಕಿ ಬಂದಿತ್ತು. ಒಪ್ಪದೆ ಉಳಿದವನು ಠಾಣೆಯ ಮುಖ್ಯಸ್ಥ ಫೆರ್ನಾನ್ ಮಾರ್ಸೆನಾಕ್ ಒಬ್ಬನೇ.

ಅವನಿಗೆ ಐವತ್ನಾಲ್ಕು. ಅವನಪ್ಪನೂ ಇದೇ ಲೊ ನದಿಯ ದಡದಲ್ಲಿ ದ್ರಾಕ್ಷಿ ಬೆಳೆದವನು. ಐವತ್ತಾರನೆಯ ಇಸವಿಯ ಹಿಮಕ್ಕೆ ಬಳ್ಳಿಗಳೆಲ್ಲ ಬುಡಸಮೇತ ಸುಟ್ಟುಹೋದಾಗ ಮಗನನ್ನು ಸರ್ಕಾರಿ ಕೆಲಸಕ್ಕೆ ಅಟ್ಟಿದ್ದ. ಹೊಲ ಹೋಯಿತು, ನಾಲಿಗೆ ಉಳಿಯಿತು. ಯಾವ ಇಳಿಜಾರಿನ ವೈನ್, ಯಾರ ಮನೆಯ ಪೀಪಾಯಿ ಎಂದು ಈಗಲೂ ಒಂದೇ ಗುಟುಕಿಗೆ ಹೇಳಬಲ್ಲವನು.

ಪಕ್ಕದಲ್ಲಿ ಕುಳಿತಿದ್ದ ಪೇದೆ ಲೆ ಗಾಲ್‌ಗೆ ಆ ನಾಲಿಗೆ ಇರಲಿಲ್ಲ. ಬ್ರೆತಾನ್ಯದ ಸಮುದ್ರದ ಕಡೆಯವನು, ಮೂವತ್ತರ ಗಟ್ಟಿಮುಟ್ಟು ಆಳು, ಸೇಬಿನ ರಸ ಕುಡಿದು ಬೆಳೆದವನು. ಇಲ್ಲಿಗೆ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು.

ನೊಎಮಿ ಬೆಳ್ಳುಳ್ಳಿ ಸೂಪ್ ಸುರಿದಳು. ಒಣ ಬ್ರೆಡ್ಡಿನ ಚೂರುಗಳು ಮೇಲೆ ತೇಲಿದವು. ಅರವತ್ಮೂರರ ಆಕೆ ಒಂದು ಹನಿಯನ್ನೂ ಹೊರಗೆ ಚೆಲ್ಲಲಿಲ್ಲ. ಇಪ್ಪತ್ತಾರು ವರ್ಷದಿಂದ ಈ ಊಟದ ಮನೆಯ ಒಲೆ ಹಿಡಿದಿದ್ದ ಕೈ ಅದು.

“ವೈನ್?” ಎಂದ ಮಾರ್ಸೆನಾಕ್.

“ಯಾವುದು?”

“ಅನ್ಸೆಲ್ಮ್ ಮೇಜಿನ ಮೇಲಿದ್ದದ್ದು. ಎಪ್ಪತ್ತೈದನೇ ಇಸವಿಯದ್ದು, ನಿಮ್ಮದೇ ಹೊಲದ್ದು.”

ಆಕೆ ಬಾಟಲಿ ತಂದಳು. ಬಿರಡೆ ಬಿಚ್ಚಿದಳು. ಗಾಜಿಗೆ ಇಳಿದ ಆ ಸೀಮೆಯ ಕಾಓರ್ ವೈನ್ ಶಾಯಿಯಂತೆ ಕಪ್ಪಗಿತ್ತು. ಅಂಚಿನಲ್ಲಿ ಮಾತ್ರ ಒಂದು ಎಳೆ ಕೆಂಪು.

ಲೆ ಗಾಲ್ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಅಯ್ಯಪ್ಪಾ! ಬಾಯೊಳಗೆ ಚರ್ಮ ಹದ ಮಾಡಿದ ಹಾಗಿದೆ.”

“ಬರೀ ಹೊಟ್ಟೇಲಿ ಕುಡಿದ್ರೆ ಇನ್ನೇನಾಗತ್ತೆ?” ನೊಎಮಿ ಗದರಿದಳು. “ಒಗರು ಇರೋದೇ ಅದರ ಗುಣ. ಇದಕ್ಕೆ ಕೊಬ್ಬು ಬೇಕು. ಬಾತುಕೋಳಿ ಬೇಕು, ಕುರಿ ಬೇಕು, ಅಣಬೆ ಬೇಕು. ಜೊತೆ ಇಲ್ದೆ ಹೋದ್ರೆ ಕಚ್ಚತ್ತೆ. ನಿಮ್ಮೂರಿನ ಮೀನಿನ ಜೊತೆ ಕುಡಿದು ನೋಡು, ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿರತ್ತೆ.”

“ನಮ್ಮೂರಲ್ಲಿ ಮೀನಿನ ಜೊತೆ ಮನುಷ್ಯರು ಕುಡಿಯೋವಂಥದ್ದೇ ಕುಡೀತೀವಮ್ಮ.”

“ಅದಕ್ಕೇ ನಿನ್ನ ಕೆನ್ನೆ ಹಾಗೆ ಬಿಳಿಚಿಕೊಂಡಿದೆ.”

ಮಾರ್ಸೆನಾಕ್ ಸೂಪ್ ಕುಡಿದ. ಬಟ್ಟಲಿನ ತಳದಲ್ಲಿ ಎರಡು ಚಮಚದಷ್ಟು ಉಳಿದಾಗ ಚಮಚ ಕೆಳಗಿಟ್ಟ. ಗಾಜಿನ ಲೋಟವೆತ್ತಿ ಅರ್ಧ ವೈನನ್ನು ಬಟ್ಟಲಿಗೇ ಸುರಿದ. ಬೆಚ್ಚಗಿನ ಸೂಪಿನಲ್ಲಿ ಕಪ್ಪು ಸುತ್ತಿತು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ.

“ಶಾಬ್ರೊ,” ಎಂದು ಲೆ ಗಾಲ್‌ನತ್ತ ನೋಡಿದ. “ನಮ್ಮಲ್ಲಿ ಸೂಪ್ ಮುಗಿಸೋದು ಹೀಗೆ. ಅನ್ಸೆಲ್ಮ್ ಇದನ್ನ ಮಾಡದೆ ಬಟ್ಟಲು ಬಿಟ್ಟವನಲ್ಲ. ಬಿಷಪ್ಪರು ಊರಿಗೆ ಬಂದಾಗ ಅವರ ಎದುರಿಗೇ ಮಾಡಿದ್ದ. ಅಲ್ವಾ ನೊಎಮಿ?”

“ಮಾಡಿದ್ದ. ಬಿಷಪ್ಪರೂ ಮಾಡಿದ್ರು. ಈಗೇನು?”

“ಅವತ್ತು ಅವನ ಬಟ್ಟಲಲ್ಲಿ ಎರಡು ಚಮಚ ಸೂಪ್ ಉಳಿದಿತ್ತು. ಬಿಳಿ ಸೂಪು. ಒಂದು ಹನಿ ವೈನ್ ಬಿದ್ದಿರ್ಲಿಲ್ಲ.”

ಆಕೆ ಒಲೆಯ ಕಡೆ ತಿರುಗಿ ಕಬ್ಬಿಣದ ಬಾಣಲೆ ಎಳೆದಳು. ಜಾಡಿಯಲ್ಲಿ ಕೊಬ್ಬಿನೊಳಗೆ ಕಾಪಿಟ್ಟಿದ್ದ ಬಾತುಕೋಳಿಯ ತೊಡೆಯನ್ನು ಎತ್ತಿ ಬಾಣಲೆಗೆ ಹಾಕಿದಳು. ಚರ್ಮ ಚಟಪಟ ಸದ್ದು ಮಾಡಿತು.

ಅಣ್ಣ ತಂಗಿ ಒಂದೇ ಸೂರಿನಡಿ ಇದ್ದು, ಒಂದೇ ಮೇಜಿನಲ್ಲಿ ಉಂಡು, ಮೂವತ್ತು ವರ್ಷದಿಂದ ಒಂದು ಮಾತೂ ಆಡಿರಲಿಲ್ಲ. ಇದು ಪೇರ್‌ಲಾದ್‌ನಲ್ಲಿ ಗುಟ್ಟೇನಲ್ಲ. ಹೇಳಲೇಬೇಕಾದದ್ದನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಆ ಭಾನುವಾರದ ಬರಹ ಆಕೆಯದು: “ಸೂಪ್ ಒಲೆ ಮೇಲಿದೆ. ಬಾತುಕೋಳಿ ಬಿಸಿ ಮಾಡಿಕೊ.”

ಅಂದು ಆಕೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿಗೆ ಬಂದಿದ್ದಳು. ಬೇಟೆಗಾರರ ಸಂಘದ ಊಟವಿತ್ತು. ಇಪ್ಪತ್ತೆರಡು ಮಂದಿ. ಆಕೆ ಸಂಜೆಯವರೆಗೂ ಒಲೆ ಬಿಟ್ಟು ಕದಲಲಿಲ್ಲ ಎಂದು ಇಪ್ಪತ್ತೆರಡು ಮಂದಿಯೂ ಹೇಳಿದ್ದರು.

“ಲೆ ಗಾಲ್, ಬೇಟೆಗಾರರು ನಿನ್ನೆ ಏನಂದ್ರು ಅಂತ ಹೇಳು.”

ಲೆ ಗಾಲ್ ಟಿಪ್ಪಣಿ ಪುಸ್ತಕ ತೆಗೆಯಲಿಲ್ಲ. “ಕಾಡುಹಂದಿ ಚೆನ್ನಾಗಿತ್ತಂತೆ. ವೈನೂ ಚೆನ್ನಾಗಿತ್ತಂತೆ. ಚೀಸ್ ಬರೋದು ಮಾತ್ರ ತಡವಾಯ್ತಂತೆ. ಕಾದು ಕಾದು, ಗೊತ್ತಿದ್ದ ಹಾಡೆಲ್ಲ ಹಾಡಿ ಮುಗಿಸಿ, ಗೊತ್ತಿಲ್ಲದ್ದೂ ಹಾಡಿದ್ವಿ ಅಂದ್ರು.”

“ಕುಡಿದ ಗಂಡಸರಿಗೆ ಐದು ನಿಮಿಷವೂ ತಡವೇ,” ಎಂದಳು ನೊಎಮಿ.

“ಆಡಿನ ಚೀಸ್ ನೀವು ಎಲ್ಲಿ ಮಾಗಿಸ್ತೀರಿ?”

ನೊಎಮಿ ಬಾಣಲೆ ಕುಲುಕಿದಳು. ಉತ್ತರವನ್ನು ಮಾರ್ಸೆನಾಕ್ ತಾನೇ ಕೊಟ್ಟ.

“ಮನೆಯ ನೆಲಮಾಳಿಗೆಯಲ್ಲಿ. ಅಕ್ರೋಟದ ಎಲೆ ಮೇಲೆ. ಇಲ್ಲಿದ್ದದ್ದು ಸಾಲಲಿಲ್ಲ, ಅಲ್ವಾ? ಇಲ್ಲಿಂದ ಮನೆಗೆ ಐದು ನಿಮಿಷದ ದಾರಿ.”

“ಇರಬಹುದು. ಹೋಗಿ ಚೀಸ್ ತಂದಿರಬಹುದು. ನೆಲಮಾಳಿಗೆಗೆ ಹೊರಗಿನಿಂದ ಬಾಗಿಲಿದೆ. ಅಡುಗೆಮನೆಗೆ ನಾನು ಕಾಲೇ ಇಡಲಿಲ್ಲ.”

ಆಕೆ ಬಾಣಲೆ ಓರೆ ಮಾಡಿ ಕೊಬ್ಬು ಬಸಿದಳು. ಅದೇ ಕೊಬ್ಬಿಗೆ ಕಾಡು ಅಣಬೆ ಹಾಕಿದಳು. ಹಲಗೆಯ ಮೇಲೆ ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು ಇಟ್ಟು ಚಾಕು ಓಡಿಸಿದಳು. ಚಾಕು ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಅಣಬೆ ಇಳಿಸುವ ಮುಂಚೆ ಆ ಹಸಿರು ಪುಡಿಯನ್ನು ಮೇಲೆ ಎರಚಿ, ತಟ್ಟೆಗೆ ಬಗ್ಗಿಸಿ, ಮಾರ್ಸೆನಾಕ್‌ನ ಮುಂದಿಟ್ಟಳು.

ಅವನು ಫೋರ್ಕ್ ಮುಟ್ಟಲಿಲ್ಲ. ತಟ್ಟೆಯನ್ನೇ ನೋಡುತ್ತ ಕುಳಿತ.

“ಈ ಸೊಪ್ಪನ್ನ ಬೆಳಿಗ್ಗೆಯೇ ಹಾಕಿಟ್ಟು ಮಧ್ಯಾಹ್ನ ಬಿಸಿ ಮಾಡಿದ್ರೆ ಏನಾಗತ್ತೆ?”

“ಕಪ್ಪಾಗತ್ತೆ. ಬೆಳ್ಳುಳ್ಳಿ ಕಹಿಯಾಗತ್ತೆ. ಕೊನೇ ಗಳಿಗೇಲಿ ಹಾಕ್ಬೇಕು ಅಂತ ನಿನ್ನ ಹೆಂಡ್ತಿಗೆ ಎಷ್ಟು ಸಲ ಹೇಳಿದ್ದೆ. ಪಾಪ, ಅವಳಿಗೆ ಬರಲೇ ಇಲ್ಲ.”

“ಅನ್ಸೆಲ್ಮ್ ತಟ್ಟೆಯಲ್ಲಿ ಹಸಿರಾಗಿತ್ತು ನೊಎಮಿ. ನಾನು ಸಂಜೆ ಐದೂವರೆಗೆ ನೋಡಿದಾಗಲೂ ಹಸಿರಾಗೇ ಇತ್ತು.”

ನೊಎಮಿ ಬಾಣಲೆಯನ್ನು ಕೆಳಗಿಟ್ಟಳು.

“ಬಲಗೈಯಲ್ಲಿ ಎರಡು ಬೆರಳಿಲ್ಲದ ಅವನು ಇಷ್ಟು ಸಣ್ಣಗೆ ಹೆಚ್ಚಿದನೆ? ಸಾಸಿವೆ ಕಾಳಿಗಿಂತ ಸಣ್ಣ. ಈ ಕಣಿವೆಯಲ್ಲಿ ಹೀಗೆ ಹೆಚ್ಚೋ ಕೈ ಒಂದೇ. ಅದರ ಊಟ ಉಣ್ಣೋಕೆ ತುಲೂಸ್‌ನಿಂದ ಕಾರು ಮಾಡ್ಕೊಂಡು ಬರ್ತಾರೆ ಜನ.”

“ಹೊಗಳಬೇಡ. ನಿನ್ನ ಬಾಯಲ್ಲಿ ಚೆನ್ನಾಗಿರಲ್ಲ.”

“ಹೊಗಳ್ತಾ ಇಲ್ಲ.”

ಲೆ ಗಾಲ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಬಾಗಿಲ ಕಡೆ ಹೋಗಿ ನಿಂತ. ಹೊರಗೆ ನದಿಯ ಮಂಜು ಇನ್ನೂ ಕರಗಿರಲಿಲ್ಲ. ಹನ್ನೊಂದು ಗಂಟೆಯಾದರೂ ಚೌಕದ ಅಕ್ರೋಟದ ಮರಗಳು ಅರ್ಧವಷ್ಟೇ ಕಾಣುತ್ತಿದ್ದವು.

ಮಾರ್ಸೆನಾಕ್ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಡಿಸಿದ. ಉಣ್ಣೆಯ ಕಾಲುಚೀಲ. ಒಣಗಿ ರಟ್ಟಿನಂತಾಗಿತ್ತು. ಹಿಮ್ಮಡಿಯಿಂದ ಮೊಣಕಾಲಿನವರೆಗೆ ನೇರಳೆ ಬಣ್ಣ.

“ಅವನ ಕಾಲಲ್ಲಿತ್ತು. ಮೇಲೆ ಮನೆಯ ಮೆತ್ತನೆ ಚಪ್ಪಲಿ. ಚಪ್ಪಲಿಯ ಹೊರಗೆ ಒಂದು ಕಲೆ ಇಲ್ಲ. ಒದ್ದೆ ಕಾಲಿಗೆ ಯಾರೋ ಆಮೇಲೆ ತೊಡಿಸಿದ್ದು. ನಿಮ್ಮ ಮನೆಯ ದ್ರಾಕ್ಷಿ ರಸ ಪೀಪಾಯಿಗೆ ಸೇರಿ ಆಗಲೇ ಒಂದು ವಾರವಾಗಿತ್ತು, ತೊಟ್ಟಿಯೆಲ್ಲ ತೊಳೆದು ಒಣಗಿತ್ತು. ಆ ಭಾನುವಾರ ಪೇರ್‌ಲಾದ್‌ನಲ್ಲಿ ಇನ್ನೂ ಹುದುಗುತ್ತಿದ್ದದ್ದು ಒಂದೇ ಮನೆಯ ತೊಟ್ಟಿ.”

ಅವನು ಆ ಮನೆಯ ಹೆಸರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ನೊಎಮಿಯ ಮುಖ ಮೊದಲ ಬಾರಿ ಬದಲಾಯಿತು. ತುಟಿಯ ಸುತ್ತ ಗೆರೆಗಳು ಬಿಗಿದವು.

“ಮೊದಲು ನಾನೇನು ಅಂದುಕೊಂಡೆ ಗೊತ್ತಾ?” ಮಾರ್ಸೆನಾಕ್‌ನ ದನಿ ತಗ್ಗಿತು. “ಯಾರೋ ಹೆಣವನ್ನ ತಂದು ಕೂರಿಸಿ, ಊಟದ ನಾಟಕ ಕಟ್ಟಿದ್ದಾರೆ ಅಂದುಕೊಂಡೆ. ಆದ್ರೆ ಗಾಜಿನ ಲೋಟ ಎಡಗಡೆ ಇತ್ತು. ಅವನು ಎಡಗೈಯಲ್ಲೇ ಕುಡಿಯೋದು ಅಂತ ಗೊತ್ತಿದ್ದವರು ಇಟ್ಟಿದ್ದು. ಅಷ್ಟು ಗೊತ್ತಿದ್ದವರು ಶಾಬ್ರೊ ಮರೀತಾರಾ? ಬಟ್ಟಲಿಗೆ ಒಂದು ಗುಟುಕು ಸುರಿದಿದ್ರೆ ಸಾಕಿತ್ತು, ನನ್ನ ಬಾಯಿ ಮುಚ್ಚಿರ್ತಿತ್ತು. ಸುರೀಲಿಲ್ಲ. ಯಾಕೆಂದ್ರೆ ಅದು ನಾಟಕವೇ ಅಲ್ಲ. ನೀವು ಬಡಿಸಿದಾಗ ಅವನು ಬದುಕಿದ್ದ.”

ಒಲೆಯೊಳಗೆ ಒಂದು ಕೊಳ್ಳಿ ಕುಸಿದು ಸದ್ದಾಯಿತು.

ನೊಎಮಿ ಎಪ್ರನ್ ಬಿಚ್ಚಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೂಲೆಯಲ್ಲಿಟ್ಟಳು. ಆಮೇಲೆ ಕುಳಿತಳು. ಗಿರಾಕಿಗಳ ಕುರ್ಚಿಯಲ್ಲಿ ಆಕೆ ಕುಳಿತದ್ದನ್ನು ಮಾರ್ಸೆನಾಕ್ ಎಂದೂ ನೋಡಿರಲಿಲ್ಲ.

“ಬದುಕಿದ್ದ,” ಎಂದಳು.

ಮಾರ್ಸೆನಾಕ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಒಂದೂವರೆ ಆಗಿತ್ತು. ಚೀಸ್ ತಗೊಂಡೆ. ಮೇಲೆ ಏನೋ ಬಿದ್ದ ಸದ್ದಾಯ್ತು, ಹತ್ತಿ ಹೋದೆ. ಬಾಗಿಲಲ್ಲಿ ನಿಂತಿದ್ದ. ಬೂಟಿಲ್ಲ, ಬರೀ ಕಾಲುಚೀಲ. ನಾನು ಬೆಳಿಗ್ಗೆ ಉಜ್ಜಿದ ನೆಲದ ಮೇಲೆಲ್ಲ ನೇರಳೆ ಹೆಜ್ಜೆ. ಮೈಯೆಲ್ಲ ಹೊಸ ವೈನಿನ ವಾಸನೆ. ಕಣ್ಣು ತೇಲ್ತಿತ್ತು. ಕುಡಿದು ಬಂದಿದ್ದಾನೆ ಅಂದ್ಕೊಂಡೆ. ಗೋಡೆ ಹಿಡ್ಕೊಂಡು ಬಂದು ಕುರ್ಚಿ ಮೇಲೆ ಕುಸಿದ.”

“ನೀವೇನು ಮಾಡಿದ್ರಿ?”

“ಚಪ್ಪಲಿ ತೊಡಿಸಿದೆ.”

“ಅವನಿಗೆ ಚಳಿ ಆಗ್ತಿತ್ತಾ?”

“ನೆಲ ಹಾಳಾಗ್ತಿತ್ತು.”

ಲೆ ಗಾಲ್ ಬೇರೆಲ್ಲೋ ನೋಡಿದ.

“ಆಮೇಲೆ ನೆಲ ಒರೆಸಿ, ಸೂಪ್ ಕೊಟ್ಟೆ,” ನೊಎಮಿ ಮುಂದುವರಿಸಿದಳು. “ಕುಡಿದವನಿಗೆ ಬೆಳ್ಳುಳ್ಳಿ ಸೂಪ್ ಒಳ್ಳೇದು. ಬಾತುಕೋಳಿ ಬಿಸಿ ಮಾಡಿದೆ. ಅವನಾಗಿ ಬಿಸಿ ಮಾಡಲ್ಲ, ಜಾಡಿಯಿಂದಲೇ ತಣ್ಣಗೆ ತಿಂತಾನೆ, ನಾಯಿ ಹಾಗೆ. ಅಣಬೆ ಹುರಿದೆ. ವೈನ್ ಬಗ್ಗಿಸಿ ಎಡಗಡೆ ಇಟ್ಟೆ. ಅವನು ಸೂಪ್ ಕುಡೀತಿದ್ದ. ಚಮಚ ಬಾಯಿಗೆ ಹೋಗ್ತಿರ್ಲಿಲ್ಲ, ಚೆಲ್ತಿತ್ತು. ನಾನು ಚೀಸಿನ ಬುಟ್ಟಿ ಎತ್ತಿಕೊಂಡೆ. ಆಗ ಮಾತಾಡಿದ.”

“ಯಾರು?”

“ಅನ್ಸೆಲ್ಮ್.”

“ನಿಮ್ಮ ಹತ್ರ?”

“ಅಲ್ಲಿ ಇನ್ಯಾರಿದ್ರು?” ಆಕೆ ನಕ್ಕಳು. ಆ ನಗು ಕೇಳಲಾಗುವಂಥದ್ದಾಗಿರಲಿಲ್ಲ. “ಮೂವತ್ತು ವರ್ಷ. ಅಮ್ಮ ಸತ್ತಾಗ ಮಾತಾಡ್ಲಿಲ್ಲ. ನನಗೆ ಕ್ಷಯ ಬಂದು ಆಸ್ಪತ್ರೇಲಿ ಮಲಗಿದ್ದಾಗ ಬಂದು ಹಾಸಿಗೆ ಪಕ್ಕ ಟೋಪಿ ಹಿಡ್ಕೊಂಡು ಎರಡು ಗಂಟೆ ಕೂತು ಎದ್ದುಹೋದ, ಆಗಲೂ ಮಾತಾಡ್ಲಿಲ್ಲ. ಅವತ್ತು ಆಡಿದ.”

“ಏನಂದ?”

ನೊಎಮಿ ಎಪ್ರನ್‌ನ ಮಡಿಕೆಯನ್ನು ಬೆರಳಿನಿಂದ ಸರಿಪಡಿಸಿದಳು.

“‘ರೆಜಿ. ಕೆಳಗಿದ್ದಾನೆ. ಹೋಗು.’ ಅಷ್ಟೇ.”

ರೆಜಿ ದೆಲ್‌ಬ್ರೆಯ್. ನದಿಯಾಚೆಯ ದೊಡ್ಡ ತೋಟದ ಯಜಮಾನ. ಹಿಮ ಬಿದ್ದ ಮರುವರ್ಷ ನೊಎಮಿಯನ್ನು ಹೆಣ್ಣು ಕೇಳಿ ಬಂದಿದ್ದವನು. ಆ ವರ್ಷ ಕುದೆರ್ಕ್ ಮನೆಯಲ್ಲಿ ಉಳಿದಿದ್ದದ್ದು ಒಂದೇ ತುಂಡು ಬಳ್ಳಿತೋಟ, ಅದೂ ನೊಎಮಿಯ ಪಾಲಿನದು. ಹುಡುಗಿಯ ಜೊತೆ ಬಳ್ಳಿಯೂ ನದಿ ದಾಟುತ್ತದೆ ಎಂದು ಅನ್ಸೆಲ್ಮ್ ಬಾಗಿಲು ಮುಚ್ಚಿದ. ಅಷ್ಟೇ ಅಲ್ಲ, ತಂಗಿಗೇ ಮನಸ್ಸಿಲ್ಲವೆಂದು ರೆಜಿಗೆ ಹೇಳಿ ಕಳಿಸಿದ. ರೆಜಿ ಒಂದು ವರ್ಷ ಕಾದು, ಯುಗೆತ್ ಎಂಬವಳನ್ನು ಮದುವೆಯಾದ. ಸತ್ಯ ಗೊತ್ತಾದ ದಿನ ನೊಎಮಿ ಅಣ್ಣನ ಜೊತೆ ಮಾತು ಬಿಟ್ಟಳು.

“ನೀವೇನಂದ್ರಿ?” ಎಂದು ಕೇಳಿದ ಮಾರ್ಸೆನಾಕ್.

“ಏನನ್ನಲಿ? ಆ ಹೆಸರನ್ನ ನನ್ನೆದುರು ಎತ್ತೋಕೆ ಮೂವತ್ತು ವರ್ಷ ಬೇಕಾಯ್ತಾ ನಿನಗೆ, ಅದೂ ಕುಡಿದು ಬಂದು, ಅಂತ ಮನಸ್ಸಲ್ಲೇ ಅಂದ್ಕೊಂಡೆ. ಬಾಯಿ ಬಿಡಲಿಲ್ಲ. ‘ಹೋಗು’ ಅಂತ ಇನ್ನೊಂದು ಸಲ ಅಂದ. ಮೇಜು ಬಡಿದ. ನಾನು ಬುಟ್ಟಿ ಎತ್ಕೊಂಡು ಹೊರಟೆ. ಬೇಟೆಗಾರರು ಕಾಯ್ತಿದ್ರು.”

“ನೊಎಮಿ...”

“ತಾಳು. ಕೇಳಿದ್ದೀಯಲ್ಲ, ಪೂರ್ತಿ ಕೇಳು. ಐದಕ್ಕೆ ಬಂದೆ. ಸತ್ತಿದ್ದ. ಬಟ್ಟಲು ಹಾಗೇ ಇತ್ತು. ಆಗ ಅರ್ಥವಾಯ್ತು ನನಗೆ. ನಾನು ವೈನ್ ಊರಲ್ಲಿ ಹುಟ್ಟಿದವಳು. ಹುದುಗೋ ತೊಟ್ಟಿಯೊಳಗೆ ಕೆಟ್ಟ ಗಾಳಿ ಕೂತಿರತ್ತೆ, ಇಳಿದವನು ಎರಡು ಉಸಿರಿಗೆ ಬೀಳ್ತಾನೆ, ಅವನನ್ನ ಎತ್ತೋಕೆ ಹೋದವನೂ ಬೀಳ್ತಾನೆ. ಅಪ್ಪನ ಕಾಲದಲ್ಲಿ ಒಂದೇ ಮನೇಲಿ ಮೂವರು ಹೋಗಿದ್ರು. ಅನ್ಸೆಲ್ಮ್ ಕುಡಿದಿರ್ಲಿಲ್ಲ, ಫೆರ್ನಾನ್. ರೆಜಿಯನ್ನ ಎತ್ತೋಕೆ ಇಳಿದಿದ್ದ.”

“ಆಮೇಲಾದ್ರೂ ನಮಗೆ ಹೇಳ್ಬಹುದಿತ್ತು!” ಲೆ ಗಾಲ್ ತಡೆಯಲಾರದೆ ಅಂದ.

“ಅವರ ಮನೆಗೆ ಓಡಿದೆ. ನಿಮಗೆ ಫೋನ್ ಮಾಡೋ ಮುಂಚೆ. ಸೇತುವೆ ದಾಟಿ ಆ ಗೇಟಿನ ಮುಂದೆ ನಿಂತದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಯುಗೆತ್ ಬಂದಳು. ಗೇಟು ತೆಗೀಲಿಲ್ಲ. ‘ರೆಜಿ ಇದ್ದಾರಾ?’ ಅಂತ ಕೇಳಿದೆ. ‘ಬೆಳಿಗ್ಗೇನೇ ಬೋರ್ದೋಗೆ ಹೋದ್ರು, ಅಕ್ಕನ ಮನೆಗೆ’ ಅಂದಳು. ನನ್ನ ಮುಖ ನೋಡಿ ನಕ್ಕಳು ಕೂಡ. ಸರಿ ಅಂತ ವಾಪಸ್ ಬಂದೆ.”

“ನಂಬಿದ್ರಾ?”

“ನನಗೆ ಆ ಉತ್ತರ ಬೇಕಿತ್ತು,” ಎಂದಳು ನೊಎಮಿ. “ಕೊಟ್ಟಳು. ತಗೊಂಡೆ. ಎಂಟು ದಿನ ಅದನ್ನೇ ಅಗೀತಾ ಇದ್ದೀನಿ.”

ಮಾರ್ಸೆನಾಕ್ ಆಗಲೇ ಎದ್ದಿದ್ದ. ಬಾತುಕೋಳಿಯ ಕೊಬ್ಬು ತಟ್ಟೆಯಲ್ಲಿ ಬೆಳ್ಳಗೆ ಗಟ್ಟಿಯಾಗತೊಡಗಿತ್ತು.

“ನಾನೂ ಬರ್ತೀನಿ,” ಎಂದಳು ಆಕೆ.

“ಬೇಡಮ್ಮ.”

“ಮೂವತ್ತು ವರ್ಷ ಯಾರು ಏನಂದ್ರೂ ನಾನು ಬಾಯಿ ಮುಚ್ಚಿಕೊಂಡು ನನಗೆ ಬೇಕಾದ್ದನ್ನೇ ಮಾಡಿದ್ದೀನಿ. ಈಗ ನಿನ್ನ ಮಾತು ಕೇಳ್ತೀನಾ?”

ಆಕೆ ಕೋಟು ಹಾಕಿಕೊಂಡಳು.

ಮೂವರೂ ಕಾರಿನಲ್ಲಿ ಮಂಜು ಸೀಳಿಕೊಂಡು ಸೇತುವೆ ದಾಟಿದರು. ಕೆಳಗೆ ನದಿ ಇತ್ತೆಂಬುದು ಸದ್ದಿನಿಂದಷ್ಟೇ ಗೊತ್ತಾಗುತ್ತಿತ್ತು.

ದೆಲ್‌ಬ್ರೆಯ್ ಅಂಗಳದಲ್ಲಿ ಆಳುಗಳಿರಲಿಲ್ಲ. ಅಕ್ಟೋಬರ್ ಕೊನೆಯ ವಾರದಲ್ಲಿ ವೈನ್ ಮಾಡುವ ಮನೆಯ ಅಂಗಳ ಖಾಲಿ ಇರುವುದೆಂದರೆ ಭಾನುವಾರದ ಚರ್ಚು ಖಾಲಿ ಇದ್ದಂತೆ. ವೈನ್ ತೊಟ್ಟಿಗಳ ಕಟ್ಟಡದ ಎತ್ತರದ ಬಾಗಿಲೊಂದು ಅರೆ ತೆರೆದಿತ್ತು. ಒಳಗೆ ನೀರಿನ ಸದ್ದು.

ಯುಗೆತ್ ದೆಲ್‌ಬ್ರೆಯ್ ರಬ್ಬರ್ ಬೂಟು ಹಾಕಿಕೊಂಡು ಪೈಪು ಹಿಡಿದು ನೆಲ ತೊಳೆಯುತ್ತಿದ್ದಳು. ಐವತ್ತೇಳರ ತೆಳ್ಳನೆಯ ಹೆಂಗಸು. ಕಾಲಿಟ್ಟವರನ್ನು ನೋಡಿ ನೀರು ನಿಲ್ಲಿಸಲಿಲ್ಲ.

“ನಿಮ್ಮ ಯಜಮಾನರನ್ನ ನೋಡ್ಬೇಕಿತ್ತು,” ಎಂದ ಮಾರ್ಸೆನಾಕ್.

“ಬೋರ್ದೋದಲ್ಲಿದ್ದಾರೆ. ಮೊನ್ನೆ ಮಂಗಳವಾರ ಫೋನ್ ಮಾಡಿದ್ರು. ಸತ್ತವರ ಹಬ್ಬಕ್ಕೆ ಬರ್ತಾರಂತೆ.” ಅವಳ ಕಣ್ಣು ನೊಎಮಿಯ ಮೇಲೆ ನಿಂತಿತು. “ಇವರನ್ನ ಯಾಕೆ ಕರ್ಕೊಂಡು ಬಂದ್ರಿ? ಅಡುಗೆಗೆ ಹೇಳಿ ಕಳಿಸಿರ್ಲಿಲ್ಲ ನಾನು.”

“ಆಳುಗಳೆಲ್ಲಿ?”

“ಕಳಿಸಿದೆ. ಈ ವರ್ಷ ದ್ರಾಕ್ಷಿ ಸಿಪ್ಪೆಯನ್ನ ರಸದಲ್ಲೇ ಹೆಚ್ಚು ದಿನ ನೆನೆಸ್ತಿದ್ದೀವಿ. ಮುಚ್ಚಿಟ್ಟು ಸುಮ್ಮನೆ ಬಿಡೋದು. ಕೆಲಸ ಇಲ್ಲ.”

“ಸುಮ್ಮನೆ ಬಿಡೋದಾ?” ಮಾರ್ಸೆನಾಕ್ ಸಿಮೆಂಟಿನ ಮೂರು ತೊಟ್ಟಿಗಳನ್ನು ನೋಡಿದ. ಎರಡು ಖಾಲಿ. ಮೂರನೆಯದರ ಗೋಡೆ ಕೈಯಿಟ್ಟರೆ ಬೆಚ್ಚಗಿತ್ತು. “ತೇಲೋ ಸಿಪ್ಪೆಯನ್ನ ದಿನಕ್ಕೆರಡು ಸಲ ಒದ್ದೆ ಮಾಡ್ದೆ ಬಿಟ್ರೆ ಹುಳಿ ಹಿಡಿಯತ್ತೆ ಅಂತ ನಮ್ಮಪ್ಪ ಹೇಳ್ತಿದ್ದ. ರೆಜಿಗೆ ಗೊತ್ತಿಲ್ದೇ ಇರತ್ತಾ?”

“ನಿಮ್ಮಪ್ಪನ ವೈನ್ ಯಾರೂ ಕುಡೀತಿರ್ಲಿಲ್ಲ ಸಾಹೇಬ್ರೆ.”

“ಇರಬಹುದು. ಲೆ ಗಾಲ್, ಆ ದೊಡ್ಡ ಬಾಗಿಲು ಎರಡೂ ಪೂರ್ತಿ ತೆಗಿ. ಆ ಫ್ಯಾನ್ ಹಾಕು.”

ಏಣಿ ಹತ್ತಿದರೆ ತೊಟ್ಟಿಗಳ ಮೇಲೆ ಹಲಗೆಯ ಅಟ್ಟ. ಮೂರನೆಯ ತೊಟ್ಟಿಯ ಬಾಯಿಗೆ ಕಬ್ಬಿಣದ ಮುಚ್ಚಳ. ಮಾರ್ಸೆನಾಕ್ ಅದನ್ನು ಎರಡೂ ಕೈಯಿಂದ ಎಳೆದು ಪಕ್ಕಕ್ಕೆ ಉರುಳಿಸಿದ. ಬೆಚ್ಚನೆಯ ಹುಳಿ ಉಸಿರು ಮುಖಕ್ಕೆ ಹೊಡೆಯಿತು. ಅದರೊಳಗೆ ಇನ್ನೊಂದು ವಾಸನೆ ಇತ್ತು. ಅವನು ಮುಖ ಹಿಂದಕ್ಕೆಳೆದುಕೊಂಡ.

ಮೊಂಬತ್ತಿ ಹಚ್ಚಿ ದಾರಕ್ಕೆ ಕಟ್ಟಿ ಇಳಿಬಿಟ್ಟ. ಒಂದು ಮೊಳ ಇಳಿದಿತ್ತೋ ಇಲ್ಲವೋ, ಯಾರೋ ಬೆರಳಿಂದ ಹೊಸಕಿದಂತೆ ಜ್ವಾಲೆ ಆರಿತು.

“ಯಾರೂ ಬಗ್ಗಬೇಡಿ,” ಎಂದ. ಮೂಗಿಗೆ ಕರವಸ್ತ್ರ ಕಟ್ಟಿ, ದೂರದಿಂದಲೇ ಟಾರ್ಚ್ ಹಾಯಿಸಿದ.

ಕೆಳಗೆ ಕಪ್ಪು ಸಿಪ್ಪೆಯ ದಪ್ಪ ಪದರ ಬ್ರೆಡ್ಡಿನ ಹಿಟ್ಟಿನಂತೆ ಉಬ್ಬಿ ಒಣಗಿ ಬಿರಿದಿತ್ತು. ಅದರ ಮೇಲೆ ಒಂದು ಹಗ್ಗ. ಗಾಡಿಗೆ ಪೀಪಾಯಿ ಬಿಗಿಯುವ ದಪ್ಪ ಹಗ್ಗ. ಒಂದು ತುದಿ ಸಿಪ್ಪೆಯ ಮೇಲೆ ಸುರುಳಿ ಬಿದ್ದಿತ್ತು. ಇನ್ನೊಂದು ತುದಿ ಸಿಪ್ಪೆಯೊಳಕ್ಕೆ ಇಳಿದುಹೋಗಿತ್ತು.

ನೊಎಮಿ ಕೆಳಗೆ ಏಣಿಯ ಮೆಟ್ಟಿಲೊಂದನ್ನು ಹಿಡಿದು ನಿಂತಿದ್ದಳು. ಹತ್ತಲಿಲ್ಲ.

ಲೆ ಗಾಲ್ ಉದ್ದನೆಯ ಕೊಕ್ಕೆ ತಂದ. ಹಗ್ಗದ ತುದಿ ಸಿಕ್ಕಿಸಿ ಮೇಲೆತ್ತಿದರು. ಮಾರ್ಸೆನಾಕ್ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

ಸವೆದು ತುಂಡಾದ ಹಗ್ಗದ ತುದಿಯಲ್ಲಿ ನಾರು ಕೆದರಿರುತ್ತದೆ, ಎಳೆಗಳು ಒಂದೊಂದು ಉದ್ದ ಇರುತ್ತವೆ. ಇದರಲ್ಲಿ ಒಂದು ನಾರೂ ಕೆದರಿರಲಿಲ್ಲ. ಬೆಣ್ಣೆ ಕೊಯ್ದಂತೆ ಒಂದೇ ಏಟಿಗೆ ಓರೆಯಾಗಿ ಕೊಯ್ದಿತ್ತು.

“ಮೇಲಿಂದ,” ಎಂದ ಲೆ ಗಾಲ್ ಪಿಸುದನಿಯಲ್ಲಿ. “ಇಲ್ಲಿ ನಿಂತು ಕೊಯ್ದಿದ್ದಾರೆ.”

“ಎಳಿ.”

ಇಬ್ಬರೂ ಎಳೆದರು. ಹಗ್ಗ ಬಿಗಿಯಿತು. ಸಿಪ್ಪೆಯ ಪದರ ನಿಧಾನವಾಗಿ ಉಬ್ಬಿ, ಸೀಳಿ, ಕಪ್ಪು ರಸ ಗುಳುಗುಳು ಮೇಲೆ ಬಂತು. ಮೊದಲು ಕಂಡದ್ದು ಒಂದು ತೋಳು. ನೀಲಿ ಅಂಗಿಯ ತೋಳು ನೇರಳೆಯಾಗಿತ್ತು. ಹಗ್ಗವನ್ನು ಎರಡೂ ಕಂಕುಳಡಿ ತೂರಿಸಿ ಎದೆಯ ಮೇಲೆ ಗಂಟು ಹಾಕಿತ್ತು. ಬಿದ್ದವನನ್ನು ಎತ್ತಲೆಂದು ಒಳಗಿಳಿದು, ಎತ್ತಲಾಗದೆ ಹತ್ತಿ ಹೊರಬಿದ್ದವನೊಬ್ಬ ಆತುರದಲ್ಲಿ ಹಾಕಿದ ಗಂಟು.

ಆಮೇಲೆ ಮುಖ ಕಂಡಿತು.

ಮಾರ್ಸೆನಾಕ್ ಅಟ್ಟದ ಅಂಚಿಗೆ ಬಂದು ಕೆಳಗೆ ನೋಡಿದ. ನೊಎಮಿ ಅವನ ಮುಖದಲ್ಲೇ ಎಲ್ಲವನ್ನೂ ಓದಿಕೊಂಡಳು. ಮೆಟ್ಟಿಲು ಹಿಡಿದಿದ್ದ ಆಕೆಯ ಕೈ ಸಡಿಲಲಿಲ್ಲ.

“ಅನ್ಸೆಲ್ಮ್,” ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಣ್ಣನನ್ನು ಕೂಗಿದ ಹಾಗೆ, ಗಟ್ಟಿಯಾಗಿ, ಮನೆಯ ಇನ್ನೊಂದು ಕೋಣೆಯಲ್ಲಿರುವವನನ್ನು ಕರೆದಂತೆ. “ಅನ್ಸೆಲ್ಮ್, ನಾನು ಹೋಗ್ಬೇಕಿತ್ತು.”

ಪೈಪಿನ ನೀರು ನಿಂತಿತು.

ಯುಗೆತ್ ದೆಲ್‌ಬ್ರೆಯ್ ನಲ್ಲಿ ತಿರುಗಿಸಿ, ಪೈಪು ಸುತ್ತಿ ಮೊಳೆಗೆ ನೇತು ಹಾಕಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಗಂಡನ ಮುಖ ನೋಡಲು ಅವಳು ಏಣಿ ಹತ್ತಲಿಲ್ಲ. ಯಾರೆಂದು ಕೇಳಲಿಲ್ಲ. ಕುತ್ತಿಗೆ ಎತ್ತಿ, ತೆರೆದ ತೊಟ್ಟಿಯ ಬಾಯನ್ನು ನೋಡಿದಳು.

“ಆ ಮುಚ್ಚಳ ಮುಚ್ಚಿ,” ಎಂದಳು. “ಗಾಳಿ ತಾಗಿದ್ರೆ ವೈನ್ ಕೆಟ್ಟುಹೋಗತ್ತೆ.”